ಕಲ್ನಾರಿನ ಧೂಳು: ರೋಗ ಮತ್ತು ಪರಿಹಾರದ ಹಕ್ಕು

(ಗ್ರಾಮೀಣ ದಂಪತಿಗಳ ಆರೋಗ್ಯ ಶಿಬಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣ ಎಂದೊಡನೆ ಗರ್ಭಿಣಿಯರ ಆರೈಕೆ, ಶಿಶುಗಳಿಗೆ ಚುಚ್ಚುಮದ್ದು, ಮಕ್ಕಳ ನಡುವಣ ಅಂತರ ಇವಿಷ್ಟೇ ನಮ್ಮ ನೆನಪಿಗೆ ಬರುವುದು ಸಹಜ. ಈ ವಿಷಯಗಳನ್ನು ಕುರಿತು ನಾನೂ ನಮ್ಮ ಆರೋಗ್ಯ ಸಹಾಯಕಿಯರೂ ತಮ್ಮೊಡನೆ ಹಲವಾರು ಬಾರಿ ಮಾತನಾಡಿದ್ದೇವೆ. ಆದರೆ ಒಂದು ಕುಟುಂಬದ ಕಲ್ಯಾಣವು ದುಡಿಯುವ ಕೈಗಳನ್ನೂ, ಆ ಕೈಗಳಿಗೆ ಬಲ ನೀಡುವ ಉಸಿರನ್ನೂ ಅವಲಂಬಿಸಿದೆ. ಹೊಟ್ಟೆಪಾಡಿಗಾಗಿ ಮಾಡಿದ ದುಡಿಮೆಯೇ ದೇಹಕ್ಕೆ ಮುಳುವಾದಾಗ, ಆ ನಷ್ಟವನ್ನು ತುಂಬಿಕೊಡಬೇಕಾದವರು ಯಾರು ಎಂಬ ಪ್ರಶ್ನೆಯೂ ಕುಟುಂಬ ಕಲ್ಯಾಣದ ಪ್ರಶ್ನೆಯೇ ಆಗಿದೆ. ಆದುದರಿಂದ ಇಂದು ಕಲ್ನಾರಿನ ಧೂಳಿನಿಂದ ಬರುವ ರೋಗಗಳನ್ನೂ, ಅವುಗಳಿಗೆ ತುತ್ತಾದವರಿಗೆ ಕಾನೂನು ಕೊಟ್ಟಿರುವ ಪರಿಹಾರದ ಹಕ್ಕನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

‘ಕಾರ್ಖಾನೆಯೇ ಇಲ್ಲದ ಈ ಊರಿನಲ್ಲಿ ಈ ವಿಷಯವೇಕೆ?’ ಎಂದು ತಾವು ಕೇಳಬಹುದು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಭಾಗದಿಂದ ಎಷ್ಟು ಮಂದಿ ದೂರದ ಊರುಗಳಿಗೆ ಕೂಲಿಗೆ ಹೋಗಿಲ್ಲ? ಕೆಲವರು ಸಿಮೆಂಟ್ ಶೀಟಿನ ಕಾರ್ಖಾನೆಗೆ, ಕೆಲವರು ಪೈಪಿನ ಕಾರ್ಖಾನೆಗೆ, ಇನ್ನು ಕೆಲವರು ಕಟ್ಟಡ ಕೆಡವುವ ಕೆಲಸಕ್ಕೆ ಹೋದರು. ಗುಜರಾತಿನ ಅಲಂಗಿನಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಕೆಲಸಕ್ಕೆ ದೇಶದ ನಾನಾ ಭಾಗಗಳಿಂದ ಜನ ಹೋಗುತ್ತಾರೆ. ಮೈಯಲ್ಲಿ ಕಸುವಿರುವ ತನಕ ಅಲ್ಲಿ ದುಡಿದು, ಕಸುವು ಉಡುಗಿದ ಮೇಲೆ ಹುಟ್ಟೂರಿಗೆ ಮರಳುತ್ತಾರೆ. ಕಾರ್ಖಾನೆ ಅಲ್ಲಿಯೇ ಉಳಿಯುತ್ತದೆ. ಕಾಯಿಲೆ ಮಾತ್ರ ಕಾರ್ಮಿಕನೊಡನೆ ಊರಿಗೆ ಬರುತ್ತದೆ.

ಒಬ್ಬ ರೋಗಿಯ ವೃತ್ತಾಂತ

ನಾನು ಸರ್ಕಾರಿ ಸೇವೆಗೆ ಸೇರಿದ ಎರಡನೆಯ ವರ್ಷ ಐವತ್ತಾರು ವರ್ಷ ವಯಸ್ಸಿನ ಗೃಹಸ್ಥರೊಬ್ಬರು ಚಿಕಿತ್ಸೆಗಾಗಿ ಬಂದರು. ಒಣಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅದಕ್ಕೆ ಮುಂಚೆ ಬೇರೆಡೆಯಲ್ಲಿ ಅವರಿಗೆ ಎರಡು ಬಾರಿ ಕ್ಷಯರೋಗದ ಔಷಧಿಯನ್ನು ಕೊಡಲಾಗಿತ್ತು. ಕಫದಲ್ಲಿ ಕ್ಷಯದ ರೋಗಾಣು ಮಾತ್ರ ಒಮ್ಮೆಯೂ ಕಂಡುಬಂದಿರಲಿಲ್ಲ. ನಾನು ಅವರ ಹೆಸರು, ವಯಸ್ಸು, ಊರುಗಳನ್ನು ಕೇಳಿದೆ. ಬೀಡಿ ಸೇದುವಿರಾ ಎಂದು ಕೇಳಿದೆ. ಸೇದುತ್ತೇನೆ ಎಂದರು. ಇದು ಬೀಡಿಯ ಕೆಮ್ಮು ಎಂದು ತೀರ್ಮಾನಿಸಿ ಮಾತ್ರೆಗಳನ್ನು ಬರೆದುಕೊಟ್ಟೆ.

ಏಳು ತಿಂಗಳು ಕಳೆದ ಮೇಲೆ ಅವರ ಧರ್ಮಪತ್ನಿ ಅವರನ್ನು ಮತ್ತೆ ಕರೆತಂದರು. ಆಗ ಅವರಿಗೆ ಕುಳಿತಲ್ಲಿಯೇ ಉಸಿರು ಸಾಲದಾಗಿತ್ತು. ನಾನು ಎದೆಯ ಮೇಲೆ ಸ್ಟೆತಸ್ಕೋಪನ್ನು ಇಟ್ಟಿದ್ದಾಗ ಆ ತಾಯಿ ತಾನಾಗಿಯೇ ಹೇಳಿದರು: “ಡಾಕ್ಟರೇ, ಇವರು ಶೀಟು ಮಾಡುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮೂಟೆ ಬಿಚ್ಚಿ ಸುರಿಯುವ ಕೆಲಸ ಮಾಡಿದವರು. ಸಂಜೆ ಮನೆಗೆ ಬಂದರೆ ಹಿಟ್ಟಿನ ಗಿರಣಿಯವರ ಹಾಗೆ ಮೈಯೆಲ್ಲ ಬೆಳ್ಳಗಿರುತ್ತಿತ್ತು. ಬಟ್ಟೆ ಕೊಡವಿ ಕೊಡವಿ ನನಗೂ ಕೆಮ್ಮು ಬರುತ್ತಿತ್ತು.”

ಆ ಒಂದು ಮಾತು ರೋಗದ ಹೆಸರನ್ನೇ ಹೇಳಿತು. ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ನಾನು ಮೊದಲ ದಿನವೇ ಕೇಳಬೇಕಾಗಿತ್ತು, ಕೇಳಲಿಲ್ಲ. ಕೂಡಲೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಪರೀಕ್ಷೆಗಳಿಂದ ಅದು ಕಲ್ನಾರಿನ ಧೂಳಿನಿಂದ ಬಂದ ಆಸ್ಬೆಸ್ಟೋಸಿಸ್ ಎಂಬುದು ಖಚಿತವಾಯಿತು. ನಾಲ್ಕು ತಿಂಗಳಲ್ಲಿ ಅವರು ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಆ ತಾಯಿ ಆಸ್ಪತ್ರೆಗೆ ಬಂದು, “ಕಂಪನಿಯವರಿಂದ ನಮಗೆ ಏನಾದರೂ ಬರುತ್ತದೆಯೇ, ಡಾಕ್ಟರೇ?” ಎಂದು ಕೇಳಿದರು. ಕಾಗದಪತ್ರಗಳೇನಿವೆ ತಾಯಿ ಎಂದೆ. ಕೆಲಸ ಬಿಟ್ಟು ಊರಿಗೆ ಬಂದಾಗ ಟ್ರಂಕಿನಲ್ಲಿ ಸಂಬಳದ ಚೀಟಿಗಳೂ ಗುರುತಿನ ಚೀಟಿಯೂ ಇದ್ದುವಂತೆ. ಇನ್ನು ಅವುಗಳಿಂದ ಏನು ಪ್ರಯೋಜನ ಎಂದು ಒಂದು ಉಗಾದಿಯ ಹಿಂದಿನ ದಿನ ಮನೆ ಗುಡಿಸುವಾಗ ಒಲೆಗೆ ಹಾಕಿದ್ದರು. ಜೊತೆಯಲ್ಲಿ ದುಡಿದವರು ಯಾವ ಯಾವ ಊರಿನವರೋ ತಿಳಿಯದು. ಮರಣ ಪತ್ರದಲ್ಲಿ ಕಾರಣ ಎಂಬ ಕಡೆ ‘ಉಬ್ಬಸ’ ಎಂದು ಬರೆಸಲಾಗಿತ್ತು. ಆ ಮನುಷ್ಯ ಆ ಕಾರ್ಖಾನೆಯಲ್ಲಿ ಒಂದು ದಿನವಾದರೂ ದುಡಿದಿದ್ದನೆಂದು ತೋರಿಸಲು ಆಕೆಯ ಕೈಯಲ್ಲಿ ಏನೂ ಇರಲಿಲ್ಲ. ಹಕ್ಕು ಇತ್ತು, ಆಧಾರವಿರಲಿಲ್ಲ. ಆಕೆಗೆ ಬಿಡಿಗಾಸೂ ದೊರೆಯಲಿಲ್ಲ.

ಅಂದಿನಿಂದ ನಾನು ಕೆಮ್ಮಿನ ರೋಗಿಗಳನ್ನು ಕೇಳುವ ಮೊದಲನೆಯ ಪ್ರಶ್ನೆ ಬೀಡಿಯದಲ್ಲ, ಕೆಲಸದ್ದು. ಈ ಭಾಷಣಕ್ಕೂ ಆ ತಾಯಿಯೇ ಕಾರಣ.

ಕಲ್ನಾರು ಎಂದರೇನು?

ಕಲ್ನಾರು ಎಂಬುದು ನೆಲದಿಂದ ಅಗೆದು ತೆಗೆಯುವ ಒಂದು ಬಗೆಯ ಕಲ್ಲು. ಹೆಸರೇ ಹೇಳುವಂತೆ ಇದು ನಾರುನಾರಾಗಿ ಬಿಡಿಸಿಕೊಳ್ಳುವ ಕಲ್ಲು. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ಈ ಗುಣಗಳಿಂದಾಗಿ ಇದನ್ನು ಸಿಮೆಂಟಿನೊಡನೆ ಬೆರೆಸಿ ಚಾವಣಿಯ ಶೀಟುಗಳನ್ನೂ ಪೈಪುಗಳನ್ನೂ ಮಾಡುತ್ತಾರೆ. ಬಾಯ್ಲರುಗಳ ಹೊದಿಕೆಗೂ, ವಾಹನಗಳ ಬ್ರೇಕುಗಳಿಗೂ ಇದನ್ನು ಬಳಸಿದ್ದುಂಟು. ನಮ್ಮ ರಾಜ್ಯದ ಹಾಸನ ಜಿಲ್ಲೆಯಲ್ಲಿಯೂ ಇದರ ನಿಕ್ಷೇಪವಿದೆ. 1986ರಿಂದ ನಮ್ಮ ದೇಶದಲ್ಲಿ ಕಲ್ನಾರಿನ ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಲಾಯಿತು. ಆದರೆ ಶೀಟಿನ ತಯಾರಿಕೆ ನಿಂತಿಲ್ಲ. ಅದಕ್ಕೆ ಬೇಕಾದ ಬಿಳಿ ಕಲ್ನಾರು ರಷ್ಯಾ ಮೊದಲಾದ ದೇಶಗಳಿಂದ ಬರುತ್ತದೆ. ಬಿಳಿಯದೂ ಸೇರಿದಂತೆ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟವಾಗಿ ಹೇಳಿದೆ. ಜಗತ್ತಿನ ಐವತ್ತಕ್ಕೂ ಹೆಚ್ಚು ರಾಷ್ಟ್ರಗಳು ಇದರ ಬಳಕೆಯನ್ನು ನಿಷೇಧಿಸಿವೆ.

ರೋಗ ಉಂಟಾಗುವ ಬಗೆ

ಕಲ್ನಾರನ್ನು ಕುಟ್ಟಿದಾಗ, ಕತ್ತರಿಸಿದಾಗ, ಮೂಟೆಯಿಂದ ಸುರಿದಾಗ ಕಣ್ಣಿಗೆ ಕಾಣಿಸದಷ್ಟು ಸೂಕ್ಷ್ಮವಾದ ಎಳೆಗಳು ಗಾಳಿಯಲ್ಲಿ ತೇಲಾಡುತ್ತವೆ. ಉಸಿರಿನೊಡನೆ ಇವು ಶ್ವಾಸಕೋಶದ ಆಳವನ್ನು ಸೇರುತ್ತವೆ. ಬೇರೆ ಧೂಳನ್ನು ದೇಹವು ಕಫದ ಮೂಲಕ ಹೊರಹಾಕಬಲ್ಲುದು. ಈ ಎಳೆಗಳಲ್ಲಿ ಅನೇಕವು ಅಲ್ಲಿಯೇ ನಾಟಿಕೊಂಡು ಉಳಿಯುತ್ತವೆ. ವರ್ಷಗಳು ಉರುಳಿದಂತೆ ಅವುಗಳ ಸುತ್ತ ಗಾಯದ ಕಲೆಯಂತೆ ಗಡಸು ಪದರವು ಬೆಳೆದು, ಸ್ಪಂಜಿನಂತೆ ಮೃದುವಾಗಿರಬೇಕಾದ ಶ್ವಾಸಕೋಶವು ಬಿರುಸಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಇದರ ಜೊತೆಗೆ ಶ್ವಾಸಕೋಶದ ಕ್ಯಾನ್ಸರು, ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೊಥೀಲಿಯೋಮ ಎಂಬ ಉಗ್ರವಾದ ಕ್ಯಾನ್ಸರು, ಇವೂ ಬರಬಹುದು. ಕಲ್ನಾರಿನ ಧೂಳನ್ನು ಕುಡಿದವನು ಬೀಡಿ ಸಿಗರೇಟುಗಳನ್ನೂ ಸೇದಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಅನೇಕ ಪಟ್ಟು ಹೆಚ್ಚುತ್ತದೆ.

ಇಲ್ಲಿ ತಾವು ಮನಗಾಣಬೇಕಾದ ಮುಖ್ಯ ಸಂಗತಿಯೊಂದಿದೆ. ಈ ರೋಗಗಳು ಇಂದು ಧೂಳು ಕುಡಿದರೆ ನಾಳೆ ಬರುವಂಥವಲ್ಲ. ಆಸ್ಬೆಸ್ಟೋಸಿಸ್ ತಲೆದೋರಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮೀಸೊಥೀಲಿಯೋಮಕ್ಕೆ ಮೂವತ್ತು ನಲವತ್ತು ವರ್ಷಗಳೂ ಆಗಬಹುದು. ಯೌವನದಲ್ಲಿ ಕುಡಿದ ಧೂಳಿನ ಸಾಲವನ್ನು ಮುಪ್ಪಿನಲ್ಲಿ ತೀರಿಸಬೇಕಾಗುತ್ತದೆ. ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ವರ್ಷಗಳು ಕಳೆದಿರುತ್ತವೆ. ರೋಗಿಗೇ ತನ್ನ ಹಳೆಯ ಕೆಲಸದ ನೆನಪು ಬಾರದು. ವೈದ್ಯನೂ ಕೇಳದಿದ್ದರೆ ಕಾರಣವೇ ಮರೆಯಾಗುತ್ತದೆ.

ಇನ್ನೊಂದು ಮಾತು. ಇವು ಅಂಟುರೋಗಗಳಲ್ಲ. ಇಂಥ ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದಾಗಲಿ, ಗಂಡಹೆಂಡಿರು ದೂರವಿರುವುದಾಗಲಿ, ಮೊಮ್ಮಕ್ಕಳನ್ನು ಬಳಿಗೆ ಬಿಡದಿರುವುದಾಗಲಿ ಅನಾವಶ್ಯಕ. ಬಿರುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲವಾದರೂ ಧೂಳಿನಿಂದ ದೂರವಿರುವುದು, ಧೂಮಪಾನವನ್ನು ಬಿಡುವುದು, ಸೋಂಕುಗಳಿಗೆ ಬೇಗನೆ ಚಿಕಿತ್ಸೆ ಪಡೆಯುವುದು ಇವುಗಳಿಂದ ಬಾಳನ್ನು ಸಹನೀಯವಾಗಿ ಮಾಡಬಹುದು.

ನೂರು ವರ್ಷಗಳ ಹಿಂದಿನ ಒಂದು ಸಂಗತಿ

ಈ ಅನ್ಯಾಯವು ನಮ್ಮ ದೇಶದಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೆಲ್ಲಿ ಕರ್ಷಾ ಎಂಬ ಮಹಿಳೆ ಕಲ್ನಾರನ್ನು ನೂಲುವ ಕೆಲಸ ಮಾಡುತ್ತಿದ್ದಳು. ಆಕೆಗೆ ಉಸಿರಿನ ರೋಗ ಬಂದಿತು. ಕಲ್ನಾರಿನಿಂದಲೇ ಈ ರೋಗ ಬಂದಿದೆಯೆಂದು ವೈದ್ಯರು 1922ರಲ್ಲಿ ಬರೆದುಕೊಟ್ಟರು. ಆದರೂ ಕಾರ್ಖಾನೆಯವರು ಪರಿಹಾರ ಕೊಡಲು ಒಪ್ಪಲಿಲ್ಲ. ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಯಲ್ಲಿ ಈ ರೋಗದ ಹೆಸರೇ ಇರಲಿಲ್ಲ. 1924ರ ಮಾರ್ಚ್ 14ರಂದು, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಡಾ. ಕುಕ್ ಎಂಬ ವೈದ್ಯರು ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿ, ಅದರೊಳಗೆ ಕಲ್ನಾರಿನ ಕಣಗಳನ್ನು ಕಂಡು, ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ 1930ರಲ್ಲಿ ಸರ್ಕಾರಿ ತನಿಖೆಯ ವರದಿ ಬಂದಿತು. 1931ರಲ್ಲಿ ಧೂಳಿನ ನಿಯಂತ್ರಣಕ್ಕೂ ಪರಿಹಾರಕ್ಕೂ ನಿಯಮಗಳಾದವು. ನೆಲ್ಲಿ ಕರ್ಷಾಳಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಆಕೆಯ ನಂತರದ ಕಾರ್ಮಿಕರಿಗೆ ಆಯಿತು.

ಒಂದು ಪಟ್ಟಿಯಲ್ಲಿ ರೋಗದ ಹೆಸರಿರುವುದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಇದರಿಂದ ತಿಳಿಯಬಹುದು. ನಮ್ಮ ದೇಶದ ಪಟ್ಟಿಯಲ್ಲಿ ಈ ರೋಗದ ಹೆಸರಿದೆ.

ನಮ್ಮ ದೇಶದ ಕಾನೂನು

ನಾನು ವೈದ್ಯ, ವಕೀಲನಲ್ಲ. ಆದರೂ ಪ್ರತಿಯೊಬ್ಬ ದಂಪತಿಗಳೂ ತಿಳಿದಿರಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮಲ್ಲಿ 1923ರಲ್ಲಿಯೇ ಆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೆಸರು ಬದಲಾದರೂ ಮೂಲತತ್ತ್ವ ಹಾಗೆಯೇ ಇದೆ. ಕೆಲವು ರೋಗಗಳನ್ನು ವೃತ್ತಿಜನ್ಯ ರೋಗಗಳೆಂದು ಕಾನೂನು ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಆಸ್ಬೆಸ್ಟೋಸಿಸ್ ಇದೆ. ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರೂ ಮೀಸೊಥೀಲಿಯೋಮವೂ ಇವೆ. ಅಂಥ ರೋಗ ಬಂದರೆ ಯಂತ್ರಕ್ಕೆ ಕೈ ಸಿಕ್ಕಿ ಆದ ಗಾಯವನ್ನು ಹೇಗೆ ಕಾಣುವುದೋ ಹಾಗೆಯೇ ಅದನ್ನೂ ಕಾಣಬೇಕೆಂದು ಕಾನೂನು ಹೇಳುತ್ತದೆ. ಕೆಲಸ ಬಿಟ್ಟ ನಂತರ ರೋಗ ಕಾಣಿಸಿಕೊಂಡಿದ್ದರೂ, ಅದು ಆ ಕೆಲಸದಿಂದಲೇ ಬಂದುದೆಂದು ಸಿದ್ಧವಾದರೆ ಹಕ್ಕು ಉಂಟು. ಒಬ್ಬನು ಎರಡು ಮೂರು ಕಾರ್ಖಾನೆಗಳಲ್ಲಿ ದುಡಿದಿದ್ದನೆಂಬ ಮಾತ್ರಕ್ಕೆ ಆಸ್ಬೆಸ್ಟೋಸಿಸ್ ರೋಗದ ಹಕ್ಕು ಕಳೆದುಹೋಗುವುದಿಲ್ಲ.

ಪರಿಹಾರದ ಮೊತ್ತವನ್ನು ಸಂಬಳ ಮತ್ತು ವಯಸ್ಸುಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಮರಣ ಸಂಭವಿಸಿದರೆ ತಿಂಗಳ ಸಂಬಳದ ಶೇಕಡಾ 50 ಭಾಗವನ್ನೂ, ಸಂಪೂರ್ಣ ಶಾಶ್ವತ ಅಶಕ್ತತೆಯಾದರೆ ಶೇಕಡಾ 60 ಭಾಗವನ್ನೂ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಐವತ್ತು ವರ್ಷದವನಿಗೆ ಆ ಅಂಕಿ 153.09. ತಿಂಗಳಿಗೆ 10,000 ರೂಪಾಯಿ ಸಂಬಳವಿದ್ದ ಐವತ್ತು ವರ್ಷದ ಕಾರ್ಮಿಕನು ತೀರಿಕೊಂಡರೆ 5,000ವನ್ನು 153.09ರಿಂದ ಗುಣಿಸಿದಾಗ 7,65,450 ರೂಪಾಯಿಗಳಾಗುತ್ತವೆ. ಅವನು ಬದುಕಿದ್ದು ಸಂಪೂರ್ಣವಾಗಿ ಅಶಕ್ತನಾದರೆ ಅದೇ ಲೆಕ್ಕದಂತೆ 9,18,540 ರೂಪಾಯಿಗಳು. ಅರೆ ಅಶಕ್ತತೆಗೆ, ದುಡಿಯುವ ಶಕ್ತಿ ಎಷ್ಟು ಕುಂದಿದೆಯೋ ಅಷ್ಟಕ್ಕೆ ತಕ್ಕಂತೆ. ಇದು ಯಾರೂ ಕೊಡುವ ಭಿಕ್ಷೆಯಲ್ಲ, ಹಕ್ಕಿನ ಹಣ.

ಇ.ಎಸ್.ಐ. ಎಂದು ರೂಢಿಯಲ್ಲಿರುವ ಕಾರ್ಮಿಕರ ವಿಮಾ ಯೋಜನೆಗೆ ಒಳಪಟ್ಟವರು ಮಾಲೀಕನ ಬದಲು ಆ ವಿಮೆಯಿಂದ ಪರಿಹಾರ ಪಡೆಯಬೇಕು. ಅಲ್ಲಿ ವೈದ್ಯಕೀಯ ಮಂಡಳಿಯು ಅಶಕ್ತತೆಯ ಪ್ರಮಾಣವನ್ನು ನಿಗದಿ ಮಾಡುತ್ತದೆ. ಅದರಂತೆ ಹಣ ಬರುತ್ತದೆ. ಕಾರ್ಮಿಕನು ತೀರಿಕೊಂಡರೆ ಆತನ ಪತ್ನಿಗೆ ಆಕೆ ಬದುಕಿರುವ ತನಕ ಅಥವಾ ಮರುವಿವಾಹವಾಗುವ ತನಕ ಅವಲಂಬಿತರ ಭತ್ಯ ದೊರೆಯುತ್ತದೆ. ಒಂದೇ ರೋಗಕ್ಕೆ ವಿಮೆಯಿಂದಲೂ ಮಾಲೀಕನಿಂದಲೂ ಎರಡೂ ಕಡೆ ಪಡೆಯಲು ಬರುವುದಿಲ್ಲ.

ಸರ್ವೋಚ್ಚ ನ್ಯಾಯಾಲಯದ ತೀರ್ಪು

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು ಒಂದು ಮಹತ್ತ್ವದ ತೀರ್ಪನ್ನು ಕೊಟ್ಟಿತು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಕಲ್ನಾರು ಕಾರ್ಮಿಕರ ಪರವಾಗಿ 1986ರಲ್ಲಿ ಹೂಡಿದ್ದ ಅರ್ಜಿಯ ಮೇಲಿನ ತೀರ್ಪು ಅದು. ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟಿರುವ ಬದುಕುವ ಹಕ್ಕಿನ ಅಂಗವೆಂದು ನ್ಯಾಯಾಲಯವು ಸಾರಿತು. ಕಲ್ನಾರಿನ ಉದ್ಯಮಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು, ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟಂದಿನಿಂದ 15 ವರ್ಷ, ಇವೆರಡರಲ್ಲಿ ಯಾವುದು ಮುಂದಿನದೋ ಅಲ್ಲಿಯವರೆಗೆ ಇಟ್ಟಿರಬೇಕು. ಪ್ರತಿಯೊಬ್ಬ ಕಾರ್ಮಿಕನಿಗೂ ಆರೋಗ್ಯ ವಿಮೆ ಇರಬೇಕು. ಆಸ್ಬೆಸ್ಟೋಸಿಸ್ ರೋಗವಿದೆಯೆಂದು ಖಚಿತವಾದ ಕಾರ್ಮಿಕರಿಗೆ ತಲಾ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ಆದೇಶಿಸಿತು.

ನಲವತ್ತು ವರ್ಷಗಳ ದಾಖಲೆ ಎಂಬ ಮಾತನ್ನು ಗಮನಿಸಬೇಕು. ರೋಗವು ಎಷ್ಟು ನಿಧಾನವಾಗಿ ಬರುತ್ತದೆಂಬುದನ್ನು ನ್ಯಾಯಾಲಯವು ಅರಿತಿತ್ತು. ಕಾರ್ಖಾನೆಯವರೇ ಅಷ್ಟು ಕಾಲ ದಾಖಲೆ ಇಡಬೇಕಾಗಿರುವಾಗ, ನಮ್ಮ ಮನೆಯ ಟ್ರಂಕಿನಲ್ಲಿ ನಾವು ಇಡಬೇಡವೇ?

ಯಾವ ಕಾಗದಗಳನ್ನು ಕಾಪಾಡಬೇಕು?

ಕೆಲಸಕ್ಕೆ ಸೇರಿಸಿಕೊಂಡ ಪತ್ರ, ಗುರುತಿನ ಚೀಟಿ, ಗೇಟ್ ಪಾಸು, ಸಂಬಳದ ಚೀಟಿಗಳು, ಹಾಜರಿ ಚೀಟಿ, ಇ.ಎಸ್.ಐ. ಕಾರ್ಡು, ಭವಿಷ್ಯನಿಧಿಯ ಸಂಖ್ಯೆ, ಸಂಬಳ ಜಮೆಯಾದ ಬ್ಯಾಂಕಿನ ಪಾಸ್ ಪುಸ್ತಕ, ಕೆಲಸ ಬಿಡುವಾಗ ಕೊಟ್ಟ ಪತ್ರ ಇವುಗಳಲ್ಲಿ ಯಾವುದನ್ನೂ ಎಸೆಯಬಾರದು. ಕಾರ್ಖಾನೆಯಲ್ಲಿ ಮಾಡಿದ ಆರೋಗ್ಯ ತಪಾಸಣೆಯ ನಕಲನ್ನು ಕೇಳಿ ಪಡೆಯಬೇಕು. ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ಕಾರ್ಖಾನೆಯಲ್ಲಿ, ಯಾವ ಕೆಲಸ, ಧೂಳು ಹೇಗಿತ್ತು ಎಂಬುದನ್ನು ಮಕ್ಕಳ ಕೈಯಲ್ಲಿ ಒಂದು ನೋಟ್ ಪುಸ್ತಕದಲ್ಲಿ ಬರೆಸಿಡಿ. ಜೊತೆಯಲ್ಲಿ ದುಡಿದ ಇಬ್ಬರು ಮೂವರ ಹೆಸರು, ಊರು, ಫೋನ್ ನಂಬರುಗಳನ್ನೂ ಬರೆದಿಡಿ. ಕಾಗದ ಕಳೆದುಹೋದರೂ ಅವರ ಸಾಕ್ಷ್ಯ ಉಪಯೋಗಕ್ಕೆ ಬರುತ್ತದೆ. ಭವಿಷ್ಯನಿಧಿಯ ಕಚೇರಿಯ ದಾಖಲೆಯೂ ಆಧಾರವಾಗಬಲ್ಲುದು.

ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಹಾಳೆ, ಸ್ಕ್ಯಾನಿಂಗ್ ವರದಿಗಳನ್ನು ಒಂದು ಚೀಲದಲ್ಲಿ ಹಾಕಿ ಸೊರಗದಂತೆ, ನೆನೆಯದಂತೆ ಇಡಿ. ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಅಡ್ಡ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹಾಳೆಯ ಬೆಲೆ ಲಕ್ಷಾಂತರ ರೂಪಾಯಿಗಳಾಗಬಹುದು.

ಈ ಕಾಗದಗಳು ಎಲ್ಲಿವೆ ಎಂಬುದು ಗಂಡನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಕೊನೆಗೆ ಕಚೇರಿಯ ಮೆಟ್ಟಿಲು ಹತ್ತಬೇಕಾಗಿ ಬರುವುದು ಬಹುಮಟ್ಟಿಗೆ ಹೆಂಡತಿಗೇ. ಹೊಲದ ಪಹಣಿ ಎಲ್ಲಿದೆಯೆಂದು ಇಬ್ಬರೂ ಅರಿತಿರುವಂತೆ ಇದನ್ನೂ ಇಬ್ಬರೂ ಅರಿತಿರಬೇಕು.

ವೈದ್ಯನ ಕರ್ತವ್ಯ, ರೋಗಿಯ ಕರ್ತವ್ಯ

ಇಂಥ ರೋಗವಿದೆಯೆಂಬ ಸಂಶಯ ಬಂದರೂ ಕಾರ್ಖಾನೆಗಳ ಮುಖ್ಯ ತಪಾಸಣಾಧಿಕಾರಿಗೆ ವೈದ್ಯನು ಬರಹದಲ್ಲಿ ವರದಿ ಮಾಡಬೇಕೆಂಬುದು ಕಾನೂನಿನ ವಿಧಿ. ಇದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಇತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯಲ್ಲಿಯೂ ಇದೆ. ಆದ್ದರಿಂದ ತಾವು ಆಸ್ಪತ್ರೆಗೆ ಬಂದಾಗ ವೈದ್ಯರು ಕೇಳಲಿ ಬಿಡಲಿ, ‘ನಾನು ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದೆ, ಅದನ್ನು ಚೀಟಿಯಲ್ಲಿ ಬರೆಯಿರಿ’ ಎಂದು ಹೇಳಬೇಕು. ಇದರಲ್ಲಿ ಸಂಕೋಚ ಬೇಡ. ದುರದೃಷ್ಟವಶಾತ್ ರೋಗಿಯು ತೀರಿಕೊಂಡರೆ, ಮರಣದ ಕಾರಣವನ್ನು ಉಬ್ಬಸ, ದಮ್ಮು, ವಯಸ್ಸು ಎಂದು ಬರೆಸಿ ಮುಗಿಸಬಾರದು. ಚಿಕಿತ್ಸೆ ಮಾಡಿದ ವೈದ್ಯರಿಂದ ರೋಗದ ಸರಿಯಾದ ಹೆಸರನ್ನು ಬರೆಸಬೇಕು. ರೋಗ ಇನ್ನೂ ಖಚಿತವಾಗಿರದಿದ್ದರೆ ಮರಣೋತ್ತರ ಪರೀಕ್ಷೆಯು ಆಧಾರವನ್ನು ಒದಗಿಸಬಲ್ಲುದು. ದುಃಖದ ಸಮಯದಲ್ಲಿ ಇದು ಕಠಿಣವಾದ ಮಾತೆಂದು ನಾನು ಬಲ್ಲೆ. ಆದರೆ ಮರುದಿನ ಆ ಆಧಾರ ದೊರೆಯದು.

ಅರ್ಜಿ ಸಲ್ಲಿಸುವ ಕ್ರಮ

ಪರಿಹಾರದ ಅರ್ಜಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅವಧಿ ಇದೆ. ಮರಣ ಸಂಭವಿಸಿದಲ್ಲಿ ಮರಣದ ದಿನದಿಂದ ಎರಡು ವರ್ಷ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಬರುವ ರೋಗಕ್ಕೆ ಈ ಅವಧಿ ಬಹಳ ಕಿರಿದೆಂಬುದು ನಿಜ. ತಡವಾದುದಕ್ಕೆ ತಕ್ಕ ಕಾರಣವನ್ನು ತೋರಿಸಿದರೆ ತಡವಾದ ಅರ್ಜಿಯನ್ನು ಅಂಗೀಕರಿಸುವ ಅಧಿಕಾರವೂ ಕಾನೂನಿನಲ್ಲಿದೆ. ಆದುದರಿಂದ ರೋಗದ ಹೆಸರು ತಿಳಿದ ಕೂಡಲೇ ಕಾರ್ಖಾನೆಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರಹದ ನೋಟೀಸನ್ನು ಕಳುಹಿಸಿ ರಸೀತಿಯನ್ನು ಇಟ್ಟುಕೊಳ್ಳಬೇಕು. ‘ಅವಧಿ ಮೀರಿತು’ ಎಂದು ಯಾರೋ ಹೇಳಿದ ಮಾತನ್ನು ನಂಬಿ ಸುಮ್ಮನಾಗಬಾರದು.

ಅರ್ಜಿಯನ್ನು ಯಾವ ಅಧಿಕಾರಿಯ ಮುಂದೆ ಸಲ್ಲಿಸಬೇಕೆಂಬುದನ್ನು ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಈ ಸಮಿತಿಯು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಮೂರು ಎಚ್ಚರಿಕೆಯ ಮಾತುಗಳನ್ನು ನೆನಪಿನಲ್ಲಿಡಿ. ಮೊದಲನೆಯದು, ‘ಪರಿಹಾರ ಕೇಳುವುದಿಲ್ಲ’ ಎಂದು ಬರೆಸಿಕೊಂಡ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಎರಡನೆಯದು, ಮೇಸ್ತ್ರಿ ಅಥವಾ ಗುತ್ತಿಗೆದಾರನ ಮೂಲಕ ಕೆಲಸಕ್ಕೆ ಹೋಗಿದ್ದರೂ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನ ಮೇಲೆ ಹೊಣೆ ಇದೆ. ಮೂರನೆಯದು, ಮರಣದ ಪರಿಹಾರವನ್ನು ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮನೆಯ ಬಾಗಿಲಿಗೆ ಬಂದು ನಾಲ್ಕು ಕಾಸು ಕೊಟ್ಟು ವಿಧವೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರೆ ಅದು ಕಾನೂನಿನ ಪರಿಹಾರವಾಗುವುದಿಲ್ಲ.

ಬಟ್ಟೆ ಒಗೆದ ತಾಯಿಯ ಗತಿ

ನಾನು ಆರಂಭದಲ್ಲಿ ಹೇಳಿದ ತಾಯಿಯ ಮಾತನ್ನು ಮತ್ತೆ ನೆನಪಿಗೆ ತರುತ್ತೇನೆ. ಬಟ್ಟೆ ಕೊಡವಿ ಕೊಡವಿ ತನಗೂ ಕೆಮ್ಮು ಬರುತ್ತಿತ್ತು ಎಂದಿದ್ದರು. ಅದು ಕಡೆಗಣಿಸುವ ಮಾತಲ್ಲ. ದಕ್ಷಿಣ ಆಫ್ರಿಕದ ಕಲ್ನಾರು ಗಣಿಗಳ ನಾಡಿನಲ್ಲಿ ಡಾ. ವ್ಯಾಗ್ನರ್ ಮತ್ತು ಅವರ ಸಂಗಡಿಗರು 1960ರಲ್ಲಿ 33 ಮಂದಿ ಮೀಸೊಥೀಲಿಯೋಮ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಅವರಲ್ಲಿ ಗಣಿಯಲ್ಲಿ ದುಡಿಯದೆ ಅದರ ಆಸುಪಾಸಿನಲ್ಲಿ ಬಾಳಿದವರೂ ಇದ್ದರು. ಲಂಡನ್ನಿನಲ್ಲಿ 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರ್ಮಿಕನೊಡನೆ ಒಂದೇ ಮನೆಯಲ್ಲಿ ಇದ್ದು, ಅವನ ಕೆಲಸದ ಬಟ್ಟೆಯನ್ನು ಒಗೆದ ಹೆಂಗಸರಿಗೂ ಇದೇ ರೋಗ ಬಂದದ್ದು ಕಂಡುಬಂದಿತು.

ನಮ್ಮ ಪರಿಹಾರದ ಕಾನೂನು ನೌಕರನಿಗೆ ಮಾತ್ರ. ಬಟ್ಟೆ ಒಗೆದ ಹೆಂಡತಿ ಕಾರ್ಖಾನೆಯ ನೌಕರಳಲ್ಲ. ಆಕೆಗೆ ರೋಗ ಬಂದರೆ ಈ ಕಾನೂನಿನಲ್ಲಿ ಆಕೆಗೆ ಸ್ಥಾನವಿಲ್ಲ. ಜಪಾನಿನಲ್ಲಿ 2005ರಲ್ಲಿ ಅಮಗಸಾಕಿ ನಗರದ ಒಂದು ಕಾರ್ಖಾನೆಯ ನೆರೆಹೊರೆಯವರಿಗೆ ಈ ರೋಗ ಬಂದಿರುವುದು ಬೆಳಕಿಗೆ ಬಂದಾಗ, ಮರುವರ್ಷವೇ ಅಲ್ಲಿನ ಸರ್ಕಾರವು ಕಾರ್ಮಿಕರಲ್ಲದ ರೋಗಿಗಳಿಗೂ ನೆರವು ಕೊಡುವ ಕಾಯ್ದೆಯನ್ನು ಮಾಡಿತು. ಅಂಥ ಕಾಯ್ದೆ ನಮ್ಮಲ್ಲಿಯೂ ಬರಲೆಂದು ನಾವು ಆಶಿಸೋಣ. ಆದರೆ ಅದು ಬರುವ ತನಕ ಗೃಹಿಣಿಗೆ ಇರುವ ರಕ್ಷಣೆ ಎಚ್ಚರಿಕೆಯೊಂದೇ. ಧೂಳಿನ ಕೆಲಸಕ್ಕೆ ಹೋಗುವವರು ಕೆಲಸದ ಬಟ್ಟೆಯನ್ನು ಮನೆಗೆ ತರಬಾರದು. ಕಾರ್ಖಾನೆಯಲ್ಲಿಯೇ ಸ್ನಾನ ಮಾಡಿ ಬಟ್ಟೆ ಬದಲಿಸಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಬೇಕು. ತಂದೇ ತಂದರೆ ಕೊಡವದೆ, ಮೊದಲು ನೀರಿನಲ್ಲಿ ಮುಳುಗಿಸಿ, ಬೇರೆಯಾಗಿ ಒಗೆಯಬೇಕು.

ಮನೆಯ ಮೇಲಿನ ಶೀಟಿನ ವಿಷಯದಲ್ಲಿ ಗಾಬರಿ ಬೇಡ. ಒಡೆಯದೆ ಸುಸ್ಥಿತಿಯಲ್ಲಿರುವ ಶೀಟಿನಿಂದ ಧೂಳು ಏಳುವುದು ಕಡಿಮೆ. ಅದನ್ನು ಗರಗಸದಿಂದ ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ, ಒಣಗಿದ್ದಾಗ ಉಜ್ಜಿ ತೊಳೆಯುವಾಗ ಅಪಾಯ. ಅನಿವಾರ್ಯವಾದರೆ ಚೆನ್ನಾಗಿ ನೀರು ಹಾಕಿ ನೆನೆಸಿಕೊಂಡು, ಮಕ್ಕಳನ್ನು ದೂರವಿಟ್ಟು ಮಾಡಬೇಕು. ಒಡೆದ ಚೂರುಗಳನ್ನು ಅಂಗಳಕ್ಕೆ ಹಾಸುವುದಾಗಲಿ, ಮಕ್ಕಳ ಆಟಕ್ಕೆ ಬಿಡುವುದಾಗಲಿ ಕೂಡದು.

ಕೊನೆಯ ಮಾತು

ಬಂಧುಗಳೇ, ಪರಿಹಾರದ ಹಣವು ಹೋದ ಉಸಿರನ್ನು ಮರಳಿ ತರಲಾರದು. ಆದರೆ ಅದು ಒಂದು ಮನೆಯ ಒಲೆಯನ್ನು ಉರಿಸಬಲ್ಲುದು, ಮಗಳನ್ನು ಶಾಲೆಯಿಂದ ಬಿಡಿಸದಂತೆ ತಡೆಯಬಲ್ಲುದು, ಔಷಧಿಗಾಗಿ ಹೊಲವನ್ನು ಅಡವಿಡುವುದನ್ನು ತಪ್ಪಿಸಬಲ್ಲುದು. ಕಾನೂನು ತನ್ನ ಕೆಲಸವನ್ನು ಮಾಡಬೇಕಾದರೆ ನಾವು ನಮ್ಮ ಕೈಯಲ್ಲಿರುವ ಕೆಲಸವನ್ನು ಮಾಡಿರಬೇಕು.

ಇಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಕುಳಿತು, ಮನೆಯವರಲ್ಲಿ ಯಾರಾದರೂ ಧೂಳಿನ ಕೆಲಸ ಮಾಡಿದ್ದುಂಟೇ, ಯಾವ ಇಸವಿಯಲ್ಲಿ, ಕಾಗದಗಳು ಎಲ್ಲಿವೆ ಎಂದು ಮಾತನಾಡಿಕೊಳ್ಳಿ. ಟ್ರಂಕನ್ನು ತೆರೆದು ನೋಡಿ. ಕೆಮ್ಮು ಏದುಸಿರುಗಳಿದ್ದವರು ಆ ಕಾಗದಗಳೊಡನೆ ನಮ್ಮ ಆರೋಗ್ಯ ಕೇಂದ್ರಕ್ಕೆ ಬನ್ನಿ. ನಾನು ಈ ಬಾರಿ ಮೊದಲು ಕೇಳಬೇಕಾದುದನ್ನೇ ಮೊದಲು ಕೇಳುತ್ತೇನೆ.